ಶುಲ್ಕಮನ್ನಾ ರಾಯರು

ಬಸವನಗುಡಿ, ಜಯನಗರ, ಮಲ್ಲೇಶ್ವರಗಳಂಥ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ, ಬ್ಯಾಂಕಿನಿಂದಲೋ ವಿಮಾ ಕಚೇರಿಯಿಂದಲೋ ನಿವೃತ್ತರಾಗಿ, ಮಕ್ಕಳನ್ನು ದೂರದ ಊರುಗಳಲ್ಲಿ ನೆಲೆಗೊಳಿಸಿ, ದಿನಪತ್ರಿಕೆಯ ವಾಣಿಜ್ಯ ಪುಟವನ್ನು ಮೊದಲು ಓದುವ ಗೃಹಸ್ಥರಲ್ಲಿ ಒಂದು ವಿಶಿಷ್ಟ ವರ್ಗವಿದೆ. ಪ್ರಯಾಣ ಮಾಡುವುದಕ್ಕಿಂತ ಪ್ರಯಾಣದ ಟಿಕೆಟ್ಟಿಗೆ ಅನ್ವಯಿಸುವ ನಿಯಮಗಳನ್ನು ಅರಿಯುವುದರಲ್ಲಿ ಹೆಚ್ಚಿನ ತೃಪ್ತಿ ಕಾಣುವ, ಕಿಟಕಿಯ ಪಕ್ಕದ ಸೀಟು ಸಿಕ್ಕಿದ ಸುಖಕ್ಕಿಂತ ಅದಕ್ಕೆ ದುಡ್ಡು ಕೊಡದೆ ಸಿಕ್ಕಿತೆಂಬ ಸುಖವನ್ನು ದೊಡ್ಡದೆಂದು ಬಗೆಯುವ ಈ ವರ್ಗದ ಪ್ರತಿನಿಧಿಯನ್ನು ಇಲ್ಲಿ ರಾಯರು ಎಂದು ಕರೆಯಲಾಗಿದೆ. ಮಹಿಳೆಯರಲ್ಲಿ ಈ ಲಕ್ಷಣ ಇಲ್ಲವೆಂದಲ್ಲ. ಆದರೆ ಅವರಿಗೆ ತಲುಪಬೇಕಾದ ಊರಿನ ನೆನಪೂ ಜೊತೆಗೇ ಇರುವುದರಿಂದ ಅದು ಅವರಲ್ಲಿ ಪೂರ್ಣ ವಿಕಾಸ ಹೊಂದಿದಂತೆ ಕಾಣುವುದಿಲ್ಲ.

ರೈಲಿನ ಕಾಲದಲ್ಲಿ ಈ ವರ್ಗವು ವೇಟಿಂಗ್ ಲಿಸ್ಟು, ಆರ್‌ಎಸಿ, ಚಾರ್ಟು ಸಿದ್ಧವಾಗುವ ಮುನ್ನ ಟಿಕೆಟ್ ರದ್ದುಮಾಡಿದರೆ ಆಗುವ ಕಡಿತ ಮುಂತಾದವುಗಳ ಅಧ್ಯಯನದಲ್ಲಿ ತೊಡಗಿತ್ತು. 2003ರಲ್ಲಿ ಬೆಂಗಳೂರನ್ನೇ ನೆಲೆಯಾಗಿಸಿಕೊಂಡು ಏರ್ ಡೆಕ್ಕನ್ ಆರಂಭವಾಗಿ, ವಿಮಾನಯಾನ ಮಧ್ಯಮವರ್ಗದ ಕೈಗೆಟುಕಿದ ಮೇಲೆ ಆ ವಿದ್ವತ್ತೆಲ್ಲ ನೆಲದಿಂದ ಆಕಾಶಕ್ಕೆ ವರ್ಗಾವಣೆಗೊಂಡಿತು. ಅಗ್ಗದ ಟಿಕೆಟ್ಟಿನ ಅಗ್ಗತನವೆಲ್ಲ ಪ್ರಯಾಣಿಕನು ಮನಸ್ಸು ಬದಲಾಯಿಸುವುದಿಲ್ಲವೆಂಬ ಭರವಸೆಯ ಮೇಲೆ ನಿಂತಿರುತ್ತದೆ. ಮನಸ್ಸು ಬದಲಾಯಿಸಿದವನು ತೆರಬೇಕಾದ ದಂಡಕ್ಕೆ ಬದಲಾವಣೆ ಶುಲ್ಕ ಎಂದು ಹೆಸರು. ದೇಶದೊಳಗಿನ ಪ್ರಯಾಣಕ್ಕೆ ಅದು 2020ರ ವೇಳೆಗೆ ತಲೆಗೆ ಮೂರು ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು. ಇದರ ಜೊತೆಗೆ, ಹೊಸ ದಿನಾಂಕದ ಟಿಕೆಟ್ಟು ಹಳೆಯದಕ್ಕಿಂತ ದುಬಾರಿಯಾಗಿದ್ದರೆ ಆ ಹೆಚ್ಚುವರಿ ಹಣವನ್ನೂ ಕಟ್ಟಬೇಕಾಗುತ್ತಿದ್ದು, ಅದನ್ನು ದರ ವ್ಯತ್ಯಾಸ ಎನ್ನುತ್ತಾರೆ. ಈ ಎರಡನ್ನೂ ಸಾಮಾನ್ಯ ಪ್ರಯಾಣಿಕ ಒಂದೇ ಎಂದು ಭಾವಿಸುತ್ತಾನೆ. ಹಾಗೆ ಭಾವಿಸದವರು ರಾಯರು. ಭಾವಿಸದೆಯೂ ಕೊನೆಗೆ ಎರಡರಲ್ಲೊಂದನ್ನು ತೆತ್ತೇ ಬರುವವರೂ ಅವರೇ.

ರಾಯರ ವಿದ್ವತ್ತಿನ ಆಕರವೆಂದರೆ ದಾರ ಕಟ್ಟಿದ ಒಂದು ನೀಲಿ ಫೈಲು. ಟಿಕೆಟ್ಟಿನ ಮುದ್ರಿತ ಪ್ರತಿ, ಅದರ ಜೆರಾಕ್ಸು, ಕಂಪನಿಯ ಷರತ್ತುಗಳ ಹಾಳೆಗಳು, ಹಳದಿ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದ ಸಾಲುಗಳು, ಅಂಚಿನಲ್ಲಿ ಬ್ಯಾಂಕಿನ ಕಾಲದ ಚಿಕ್ಕ ಟಿಕ್ ಗುರುತುಗಳು ಅದರಲ್ಲಿರುತ್ತವೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ವಿಮಾನ ಕಂಪನಿಗಳ ಮೇಲೆ ಕಣ್ಣಿಡುವ ಡಿಜಿಸಿಎ, ಟಿಕೆಟ್ ರದ್ದತಿಯ ದಂಡ ಮೂಲ ದರ ಮತ್ತು ಇಂಧನ ಶುಲ್ಕಗಳ ಮೊತ್ತವನ್ನು ಮೀರಕೂಡದೆಂದೂ, ಬಳಸದ ಟಿಕೆಟ್ಟಿನ ತೆರಿಗೆಗಳನ್ನೂ ವಿಮಾನ ನಿಲ್ದಾಣದ ಬಳಕೆ ಶುಲ್ಕವನ್ನೂ ಹಿಂತಿರುಗಿಸಬೇಕೆಂದೂ ವಿಧಿಸಿರುವುದು ಅವರಿಗೆ ಕಂಠಪಾಠ. ಪ್ರಯಾಣಕ್ಕೆ ಏಳು ದಿನಗಳಾದರೂ ಇದ್ದಲ್ಲಿ, ಟಿಕೆಟ್ ಕೊಂಡ 24 ಗಂಟೆಗಳೊಳಗೆ ದಂಡವಿಲ್ಲದೆ ಅದನ್ನು ಬದಲಾಯಿಸಬಹುದೆಂಬ, 2020ರ ವೇಳೆಗೆ ಜಾರಿಯಲ್ಲಿದ್ದ ಇನ್ನೊಂದು ವಿಧಿಯನ್ನು ಅವರು ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಸಾರಿಗೂ ಹುಳಿಗೂ ನಡುವಿನ ಬಿಡುವಿನಲ್ಲಿ, ಪಕ್ಕದವರು ಕೇಳದಿದ್ದರೂ ವಿವರಿಸುತ್ತಿದ್ದರು.

ಇಂಥ ವಿದ್ವತ್ತಿನ ಪರೀಕ್ಷೆಗೆಂದೇ ಬಂದಂತೆ ಒದಗಿದ್ದು 2020ರ ಮಾರ್ಚ್ ತಿಂಗಳು. ಕೊರೊನಾ ವೈರಾಣುವಿನ ಸುದ್ದಿ ಹಬ್ಬಿ, ಜನ ಗುಂಪುಗುಂಪಾಗಿ ಟಿಕೆಟ್ ರದ್ದುಮಾಡಿಸಲು ಮುಂದಾದಾಗ ಹಲವು ಕಂಪನಿಗಳು ಬದಲಾವಣೆ ಶುಲ್ಕವನ್ನು ಮನ್ನಾ ಮಾಡಿದುವು. ಇದರಲ್ಲಿ ಔದಾರ್ಯವೆಷ್ಟು, ಲೆಕ್ಕಾಚಾರವೆಷ್ಟು ಎಂಬುದನ್ನು ಅರಿಯಲು ಹೆಚ್ಚು ಶ್ರಮ ಬೇಕಿಲ್ಲ. ಮುಂಗಡವಾಗಿ ಬಂದ ಟಿಕೆಟ್ಟಿನ ಹಣವನ್ನು ಕಂಪನಿಗಳು ತಿಜೋರಿಯಲ್ಲಿ ಕಟ್ಟಿಟ್ಟಿರುವುದಿಲ್ಲ. ಅದು ಇಂಧನಕ್ಕೂ, ವಿಮಾನಗಳ ಬಾಡಿಗೆಗೂ, ಸಂಬಳಕ್ಕೂ ಅದಾಗಲೇ ಹೋಗಿರುತ್ತದೆ. ಜಗತ್ತಿನ ವಿಮಾನ ಕಂಪನಿಗಳ ಒಕ್ಕೂಟವಾದ ಐಯಾಟ, ಪ್ರಯಾಣಿಕರಿಗೆ ಹಿಂತಿರುಗಿಸಬೇಕಾದ ಹಣ ಸುಮಾರು 3,500 ಕೋಟಿ ಡಾಲರ್ ಆಗಬಹುದೆಂದು ಆ ವರ್ಷ ಅಂದಾಜು ಮಾಡಿ, ನಗದಿನ ಬದಲು ವೋಚರ್ ಕೊಡಲು ಅವಕಾಶವಿರಲೆಂದು ಸರ್ಕಾರಗಳನ್ನು ಕೇಳಿಕೊಂಡಿತು. ದಿನಾಂಕ ಮುಂದೂಡಿದ ಪ್ರಯಾಣಿಕ ಹಣ ಕೇಳುವುದಿಲ್ಲ. ಮನ್ನಾದ ಮರ್ಮ ಅಷ್ಟೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆಯನ್ನು ಸಾಲದ ವಿಭಾಗದಲ್ಲಿ ಕುಳಿತು ಮೂವತ್ತು ವರ್ಷ ಇತರರಿಗೆ ಹೇಳಿದ್ದ ರಾಯರಿಗೆ ಅದು ತಮಗೂ ಅನ್ವಯಿಸೀತೆಂಬ ಅನುಮಾನ ಮಾತ್ರ ಬರಲಿಲ್ಲ.

ಜನವರಿಯಲ್ಲೇ, ತಮಗೂ ಮನೆಯಾಕೆಗೂ ಸೇರಿ 8,060 ರೂಪಾಯಿಗೆ, ದೆಹಲಿಯ ಮಗಳ ಮನೆಯಲ್ಲಿ ಯುಗಾದಿ ಮಾಡಲೆಂದು ಅವರು ಕೊಂಡಿದ್ದ ಟಿಕೆಟ್ಟು ಮಾರ್ಚ್ 24ರ ಬೆಳಗಿನದು. ಯುಗಾದಿ ಇದ್ದದ್ದು 25ಕ್ಕೆ. ತಾವಾಗಿ ರದ್ದುಮಾಡಿದರೆ ದಂಡ, ಕಂಪನಿಯೇ ರದ್ದುಮಾಡಿದರೆ ಪೂರ್ತಿ ಹಣ ಎಂಬುದನ್ನು ಬಲ್ಲ ರಾಯರು, ಕಂಪನಿ ಸೋಲುವವರೆಗೆ ಕಾಯಲು ನಿರ್ಧರಿಸಿದರು. ರೋಗದ ಅಂಕಿಸಂಖ್ಯೆಗಳನ್ನು ಮನೆಯವರೆಲ್ಲ ಆತಂಕದಿಂದ ನೋಡುತ್ತಿದ್ದಾಗ ಅವರೊಬ್ಬರು ಅವನ್ನು ಒಂದು ಬಗೆಯ ನಿರೀಕ್ಷೆಯಿಂದ ನೋಡುತ್ತಿದ್ದರೆಂದು ಹೇಳುವುದು ಕಟುವಾದರೂ ಸುಳ್ಳಲ್ಲ. ಆದರೆ ಸರ್ಕಾರ ದೇಶದೊಳಗಿನ ವಿಮಾನಗಳನ್ನು ನಿಲ್ಲಿಸಿದ್ದು 24ರ ಮಧ್ಯರಾತ್ರಿಯಿಂದ. ರಾಯರ ವಿಮಾನ ಅಂದು ಬೆಳಗ್ಗೆ ಸಮಯಕ್ಕೆ ಸರಿಯಾಗಿ ಹೊರಡುವುದಿತ್ತು. ಬೇರೆ ದಾರಿ ಕಾಣದೆ 23ರ ರಾತ್ರಿ ಅವರು ದಿನಾಂಕವನ್ನು ಏಪ್ರಿಲ್ 16ಕ್ಕೆ ಬದಲಾಯಿಸಿದರು. ಬಿಸಿಲೇರಿದಂತೆ ವೈರಾಣು ತಾನಾಗಿ ಸಾಯುತ್ತದೆಂಬ ನಂಬಿಕೆ ಆಗ ಬಹುಜನಮಾನ್ಯವಾಗಿತ್ತು. ಶುಲ್ಕ ಸೊನ್ನೆ. ದರ ವ್ಯತ್ಯಾಸ 1,140 ರೂಪಾಯಿ.

“ಆರು ಸಾವಿರ ಉಳಿಯಿತು ನೋಡೇ” ಎಂದು ರಾಯರು ಮನೆಯಾಕೆಗೆ ಹೇಳಿದರು. “ಸಾವಿರದ ಚಿಲ್ಲರೆ ಹೋಯಿತಲ್ಲಾರೀ” ಎಂದು ಆಕೆ ಹೂರಣಕ್ಕೆ ಬೇಳೆ ನೆನೆಹಾಕುತ್ತ ಉತ್ತರಿಸಿದರು.

ಏಪ್ರಿಲ್ 14ಕ್ಕೆ ಮುಗಿಯಬೇಕಿದ್ದ ಲಾಕ್‌ಡೌನು ಮೇ 3ರವರೆಗೆ ಮುಂದುವರಿದು ಎರಡನೆಯ ಪ್ರಯಾಣವೂ ನಿಂತಿತು. ಈ ಸಲ ರದ್ದುಮಾಡಿದ್ದು ಕಂಪನಿಯೇ ಆದರೂ ಬಂದದ್ದು ಹಣವಲ್ಲ, ಕ್ರೆಡಿಟ್ ಶೆಲ್. ಕ್ರೆಡಿಟ್ ಶೆಲ್ ಎಂದರೆ, ಟಿಕೆಟ್ಟಿನ ಮೊತ್ತವನ್ನು ಪಿಎನ್ಆರ್ ಎಂಬ ಆರು ಅಕ್ಷರಗಳ ಬುಕಿಂಗ್ ಗುರುತಿನಡಿ ಕಂಪನಿಯಲ್ಲೇ ಜಮೆಯಾಗಿಟ್ಟು, ನಿಗದಿತ ಅವಧಿಯೊಳಗೆ ಅದೇ ಕಂಪನಿಯ ಇನ್ನೊಂದು ಟಿಕೆಟ್ಟಿಗೆ ಮಾತ್ರ ಬಳಸಬಹುದಾದ ವ್ಯವಸ್ಥೆ. ಇಂಥ ಜಮೆ ಪ್ರಯಾಣಿಕನ ಇಚ್ಛೆಗೆ ಬಿಟ್ಟದ್ದೇ ಹೊರತು ಕಂಪನಿ ತಾನಾಗಿ ಹೇರತಕ್ಕದ್ದಲ್ಲವೆಂದು ಡಿಜಿಸಿಎ ನಿಯಮದಲ್ಲಿತ್ತು. ಅದು ರಾಯರ ಫೈಲಿನಲ್ಲಿ ಎರಡು ಬಾರಿ ಹಳದಿಯಾಗಿತ್ತು. ಅದಕ್ಕಿಂತ ಅವರ ಹೊಟ್ಟೆ ಉರಿಸಿದ್ದು ಏಪ್ರಿಲ್ 16ರಂದೇ ಹೊರಟ ನಾಗರಿಕ ವಿಮಾನಯಾನ ಸಚಿವಾಲಯದ ಸೂಚನೆ: ಮಾರ್ಚ್ 25ರಿಂದ ಏಪ್ರಿಲ್ 14ರ ನಡುವೆ, ಅಂದರೆ ಲಾಕ್‌ಡೌನು ಜಾರಿಯಲ್ಲಿದ್ದಾಗಲೇ, ಮೇ 3ರೊಳಗಿನ ಪ್ರಯಾಣಕ್ಕೆ ಟಿಕೆಟ್ ಕೊಂಡವರು ಕೇಳಿದರೆ ಮೂರು ವಾರದೊಳಗೆ ಪೂರ್ತಿ ಹಣ ವಾಪಸು ಕೊಡತಕ್ಕದ್ದು. ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದಾಗ ಟಿಕೆಟ್ ಕೊಂಡ ಸಾಹಸಿಗಳಿಗೆ ನಗದು, ಜನವರಿಯಲ್ಲೇ ದೂರಾಲೋಚನೆಯಿಂದ ಕೊಂಡ ವಿವೇಕಿಗಳಿಗೆ ಜಮೆ ಎಂಬ ಈ ನ್ಯಾಯದಿಂದ ರಾಯರು ಎರಡು ಹೊತ್ತು ಕಾಫಿ ಬಿಟ್ಟರೆಂಬ ಪ್ರತೀತಿ ಇದೆ. ದಿನಾಂಕ ಬದಲಾವಣೆಯೂ ಹೊಸ ಖರೀದಿಯೇ ಎಂದು ವಾದಿಸಲು ಅವರು ಕಸ್ಟಮರ್ ಕೇರಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ಒಂದನ್ನು ಒತ್ತಿ, ಮೂರನ್ನು ಒತ್ತಿ, ಹೋಲ್ಡಿನ ಸಂಗೀತ ಕೇಳುತ್ತ ಅಷ್ಟೂ ಹೂವಿನ ಕುಂಡಗಳಿಗೆ ನೀರು ಹಾಕಿ ಮುಗಿಸಿದರು. ಕೊನೆಗೆ ಸಿಕ್ಕ ಹುಡುಗಿ ವಾದವನ್ನು ಒಪ್ಪಿದ್ದರೂ ಪ್ರಯೋಜನವಿರುತ್ತಿರಲಿಲ್ಲ. ಅವರು ಬದಲಾಯಿಸಿದ್ದು 23ಕ್ಕೆ, ಅವಧಿ ಶುರುವಾದದ್ದು 25ಕ್ಕೆ.

ಮೇ 25ರಂದು ವಿಮಾನಗಳು ಮತ್ತೆ ಹಾರತೊಡಗಿದುವು. ನಲವತ್ತು ನಿಮಿಷದೊಳಗಿನ ಹಾರಾಟಕ್ಕೆ 2,000ದಿಂದ 6,000, ಅತಿ ದೀರ್ಘವಾದುದಕ್ಕೆ 6,500ರಿಂದ 18,600 ರೂಪಾಯಿ ಎಂದು ಸರ್ಕಾರವೇ ದರದ ಕೆಳಮಿತಿ ಮೇಲ್ಮಿತಿಗಳನ್ನು ಕಟ್ಟಿತು. ಜೂನ್ ತಿಂಗಳಲ್ಲಿ ಮಗಳ ಹೆರಿಗೆಯ ದಿನ ಹತ್ತಿರವಾದಾಗ ಮನೆಯಾಕೆ, ಜಮೆಯಲ್ಲಿ ತಮ್ಮ ಪಾಲಿನ ಅರ್ಧ ಹಣಕ್ಕೆ ಟಿಕೆಟ್ ಮಾಡಿಸಬಾರದೇಕೆಂದು ಕೇಳಿದ್ದು ಸಹಜವೇ ಆಗಿತ್ತು. ಇಬ್ಬರೂ ಒಂದೇ ಪಿಎನ್ಆರ್‌ನಲ್ಲಿರುವುದರಿಂದ ಅದನ್ನು ಒಡೆಯಬೇಕಾಗುತ್ತದೆಂದೂ, ಒಡೆದರೆ ಉಳಿದ ಅರ್ಧಕ್ಕೆ ಯಾವ ನಿಯಮ ಅನ್ವಯಿಸುತ್ತದೆಂಬುದು ಸ್ಪಷ್ಟವಿಲ್ಲವೆಂದೂ ರಾಯರು ವಿವರಿಸುತ್ತಿರುವಾಗಲೇ ದೆಹಲಿಯಿಂದ ಅಳಿಯಂದಿರು ಬೇರೆ ಟಿಕೆಟ್ ಮಾಡಿ ಮೊಬೈಲಿಗೆ ಕಳಿಸಿಬಿಟ್ಟರು. ಆಕೆ ಮಾಸ್ಕು ಧರಿಸಿ, ಮುಖದ ಮುಂದೆ ಪ್ಲಾಸ್ಟಿಕ್ಕಿನ ಶೀಲ್ಡು ಇಳಿಬಿಟ್ಟುಕೊಂಡು, ಒಂದೇ ಪೆಟ್ಟಿಗೆಯಲ್ಲಿ ಬಾಣಂತಿಯ ಪುಡಿ, ಲೇಹ್ಯ, ಹಳೆಯ ಮೆತ್ತನೆಯ ಸೀರೆಗಳನ್ನೆಲ್ಲ ತುಂಬಿಸಿ ಹೊರಟೇಬಿಟ್ಟರು. ನಡುವಿನ ಸೀಟನ್ನು ಸಾಧ್ಯವಾದಷ್ಟು ಖಾಲಿ ಬಿಡಬೇಕು, ಬಿಡಲಾಗದಿದ್ದರೆ ಅಲ್ಲಿ ಕೂರುವವರಿಗೆ ಮೈಮುಚ್ಚುವ ಗೌನು ಕೊಡಬೇಕೆಂದು ಡಿಜಿಸಿಎ ಆ ತಿಂಗಳ ಆರಂಭದಲ್ಲಷ್ಟೇ ಆದೇಶಿಸಿತ್ತು. ಆಕೆಗೆ ಸಿಕ್ಕಿದ್ದು ಆ ಸೀಟೇ. ದೆಹಲಿ ತಲುಪಿದ ಸುದ್ದಿ ಬಂದಾಗ ರಾಯರು ಕೇಳಿದ ಮೊದಲ ಪ್ರಶ್ನೆ, ಗೌನನ್ನು ಮನೆಗೆ ತರಲು ಬಿಟ್ಟರೇ ಎಂಬುದು.

ಒಂಟಿಯಾಗಿ ಅನ್ನ ಸಾರು ಮಾಡಿಕೊಂಡಿದ್ದ ದಿನಗಳಲ್ಲಿ ರಾಯರನ್ನು ಹೆಚ್ಚು ಕಲಕಿದ ವಾರ್ತೆ ಬಂದದ್ದು ಅಮೆರಿಕದಿಂದ. ಆಗಸ್ಟ್ 30ರಂದು ಯುನೈಟೆಡ್ ಏರ್‌ಲೈನ್ಸ್, ದೇಶದೊಳಗಿನ ಬಹುಪಾಲು ಟಿಕೆಟ್ಟುಗಳಿಗೆ ವಿಧಿಸುತ್ತಿದ್ದ 200 ಡಾಲರುಗಳ ಬದಲಾವಣೆ ಶುಲ್ಕವನ್ನು ಶಾಶ್ವತವಾಗಿ ಕೈಬಿಟ್ಟಿತು; ಮರುದಿನವೇ ಡೆಲ್ಟಾ ಮತ್ತು ಅಮೆರಿಕನ್ ಕಂಪನಿಗಳು ಅದೇ ದಾರಿ ಹಿಡಿದುವು. ತೀರ ಅಗ್ಗದ ಬೇಸಿಕ್ ಎಕಾನಮಿ ಟಿಕೆಟ್ಟುಗಳು ಈ ಶಾಶ್ವತ ವಿನಾಯಿತಿಯ ಹೊರಗುಳಿದುವು, ದರ ವ್ಯತ್ಯಾಸವಂತೂ ಎಲ್ಲಿಗೂ ಹೋಗಲಿಲ್ಲ. ನ್ಯೂಜೆರ್ಸಿಯಲ್ಲಿ ಮಗನಿರುವ ಪಕ್ಕದ ಮನೆಯವರು ಇದನ್ನು ಕಾಂಪೌಂಡಿನಾಚೆಯಿಂದ ಹರ್ಷದಿಂದ ತಿಳಿಸಿದಾಗ ರಾಯರ ಮುಖ ಸಪ್ಪಗಾಯಿತು. ಶುಲ್ಕವೇ ಇಲ್ಲದ ಮೇಲೆ ಮನ್ನಾ ಮಾಡಿಸಿಕೊಳ್ಳುವುದಾದರೂ ಏನನ್ನು ಎಂಬ ಅವರ ಪ್ರಶ್ನೆಗೆ ಪಕ್ಕದ ಮನೆಯವರಲ್ಲಿ ಉತ್ತರವಿರಲಿಲ್ಲ.

ಅವರನ್ನು ಮತ್ತೆ ಎತ್ತಿ ಕೂರಿಸಿದ್ದು ಸರ್ವೋಚ್ಚ ನ್ಯಾಯಾಲಯ. ಪ್ರವಾಸಿ ಲೀಗಲ್ ಸೆಲ್ ಎಂಬ ಸಂಸ್ಥೆ ಹೂಡಿದ್ದ ಮೊಕದ್ದಮೆಯಲ್ಲಿ 2020ರ ಅಕ್ಟೋಬರ್ 1ರಂದು ಬಂದ ತೀರ್ಪಿನ ಪ್ರಕಾರ, ಲಾಕ್‌ಡೌನಿಗೆ ಮುಂಚೆ ಕೊಂಡ ಇಂಥ ಟಿಕೆಟ್ಟುಗಳ ಹಣವನ್ನೂ ಹಿಂತಿರುಗಿಸಬೇಕಿತ್ತು. ಆರ್ಥಿಕ ಸಂಕಷ್ಟದಿಂದ ಹದಿನೈದು ದಿನಗಳಲ್ಲಿ ಹಾಗೆ ಮಾಡಲಾಗದ ಕಂಪನಿ 2021ರ ಮಾರ್ಚ್ 31ರವರೆಗೆ ಕ್ರೆಡಿಟ್ ಶೆಲ್ ಕೊಡಬಹುದಿತ್ತು. ಅದನ್ನು ಯಾವ ಮಾರ್ಗಕ್ಕೂ ಬಳಸಬಹುದು, ಯಾರಿಗೆ ಬೇಕಾದರೂ ವರ್ಗಾಯಿಸಬಹುದು, ಬಳಸದೆ ಉಳಿದರೆ ಅವಧಿಯ ಕೊನೆಗೆ ನಗದು ಪಡೆಯಬಹುದು. ಇಷ್ಟೇ ಆಗಿದ್ದರೆ ರಾಯರು ಸಮಾಧಾನಪಟ್ಟು ಮುಂದಿನ ವಿಮಾನ ಹತ್ತುತ್ತಿದ್ದರೇನೋ. ಆದರೆ ತೀರ್ಪು ಇನ್ನೂ ಒಂದು ಮಾತು ಹೇಳಿತ್ತು: ರದ್ದಾದ ದಿನದಿಂದ ಜೂನ್ 30ರವರೆಗೆ ತಿಂಗಳಿಗೆ ಶೇಕಡಾ 0.5, ಆಮೇಲೆ ತಿಂಗಳಿಗೆ ಶೇಕಡಾ 0.75ರಂತೆ ಜಮೆಯ ಮೌಲ್ಯ ಹೆಚ್ಚತಕ್ಕದ್ದು.

ರಾಯರು ಕ್ಯಾಲ್ಕುಲೇಟರ್ ಮುಟ್ಟಲಿಲ್ಲ. ಈ ವರ್ಗದವರು ಇಂಥ ಲೆಕ್ಕಕ್ಕೆ ಮುಟ್ಟುವುದಿಲ್ಲ. ಮೊತ್ತ 9,200. ಮೊದಲ ಮೂರು ತಿಂಗಳಿಗೆ 46ರಂತೆ 138, ಮುಂದಿನ ಒಂಬತ್ತಕ್ಕೆ 69ರಂತೆ 621, ಒಟ್ಟು 759 ರೂಪಾಯಿ. ತಿಂಗಳಿಗೆ 0.75 ಎಂದರೆ ವರ್ಷಕ್ಕೆ ಒಂಬತ್ತು. ಅವರು ಮೂವತ್ತು ವರ್ಷ ದುಡಿದ ಬ್ಯಾಂಕೇ ಹಿರಿಯ ನಾಗರಿಕರ ಠೇವಣಿಗೆ ಆಗ ಅಷ್ಟು ಕೊಡುತ್ತಿರಲಿಲ್ಲ. ಆ ಕ್ಷಣದಿಂದ ಟಿಕೆಟ್ಟು ಟಿಕೆಟ್ಟಾಗಿ ಉಳಿಯದೆ ಫಿಕ್ಸೆಡ್ ಡೆಪಾಸಿಟ್ಟಾಯಿತು. ಮೊಮ್ಮಗನ ನಾಮಕರಣ ಆಗಿಹೋಗಿತ್ತು, ಹೊರರಾಜ್ಯದಿಂದ ಬಂದವರ ಕ್ವಾರಂಟೈನ್ ನಿಯಮವನ್ನು ಕರ್ನಾಟಕ ಆಗಸ್ಟ್ ಕೊನೆಯಲ್ಲೇ ಕೈಬಿಟ್ಟದ್ದರಿಂದ ಮನೆಯಾಕೆ ನಿರಾತಂಕವಾಗಿ ಮರಳಿಯೂ ಆಗಿತ್ತು. ಮೊಮ್ಮಗನನ್ನು ನೋಡಲು ಬರುವುದಿಲ್ಲವೇ ಎಂದು ಅಳಿಯಂದಿರು ಕೇಳಿದಾಗಲೆಲ್ಲ “ಮಾರ್ಚ್ 31 ಕಳೆಯಲಿ, ಅವಧಿಗೆ ಮುಂಚೆ ಮುರಿಸಬಾರದು” ಎಂದು ರಾಯರು ಹೇಳುತ್ತಿದ್ದರು. “ಏನನ್ನು ಮಾವ?” ಎಂದು ಅಳಿಯಂದಿರು ಒಮ್ಮೆ ಕೇಳಿ, ಬಂದ ವಿವರಣೆಯ ಉದ್ದವನ್ನು ನೋಡಿದ ಮೇಲೆ ಮತ್ತೆ ಕೇಳಲಿಲ್ಲ.

2021ರ ಏಪ್ರಿಲ್ ಮೊದಲ ವಾರ 9,959 ರೂಪಾಯಿ ಖಾತೆಗೆ ಬಂತು. ಪಾಸ್‌ಬುಕ್ಕಿನಲ್ಲಿ ಅದನ್ನು ಎಂಟ್ರಿ ಮಾಡಿಸಿಕೊಂಡು ಬಂದ ರಾಯರು, ಎರಡನೆಯ ಅಲೆಯ ಸುದ್ದಿ ಟಿವಿಯಲ್ಲಿ ದಿನೇ ದಿನೇ ಏರುತ್ತಿದ್ದಾಗಲೇ, ಬದಲಾವಣೆ ಶುಲ್ಕ ಮತ್ತೊಮ್ಮೆ ಮನ್ನಾ ಆಗಿರುವುದನ್ನು ಕಂಡುಹಿಡಿದರು. ಶುಲ್ಕವಿಲ್ಲದ ಮೇಲೆ ನಷ್ಟವೆಂತು? ಮೇ ತಿಂಗಳಿಗೆ ದೆಹಲಿಯ ಎರಡು ಟಿಕೆಟ್ ಮಾಡಿಬಿಡೋಣ, ಬೇಡವೆನಿಸಿದರೆ ಮುಂದೂಡಿದರಾಯಿತು ಎಂದು ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಪ್ರಸ್ತಾಪಿಸಿದರು.

“ಮಾಡಿಸಿ, ಬೇಡ ಅನ್ನಲ್ಲ” ಎಂದರು ಮನೆಯಾಕೆ ಒಗ್ಗರಣೆಯಿಂದ ಕಣ್ಣು ತೆಗೆಯದೆ. “ನನ್ನದು ಮಾತ್ರ ಬೇರೆ ಪಿಎನ್ಆರ್‌ನಲ್ಲಿರಲಿ.”

ರಾಯರು ಈ ಮಾತಿನ ಬೇರೆ ಯಾವ ಅರ್ಥದ ಕಡೆಗೂ ಹೋಗದೆ, ಆನ್‌ಲೈನ್ ಬುಕಿಂಗಿಗೆ ಹಾಕುವ ಕನ್ವೀನಿಯನ್ಸ್ ಫೀ ತಲೆ ಲೆಕ್ಕವೋ ಪಿಎನ್ಆರ್ ಲೆಕ್ಕವೋ ಎಂದು ಖಚಿತಪಡಿಸಿಕೊಳ್ಳಲು ಕಸ್ಟಮರ್ ಕೇರಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ನೀರಿನ ಪೈಪು ಹಿಡಿದು ಕುಂಡಗಳತ್ತ ನಡೆದರು.