ಯಾವುದಕ್ಕೂ ಇರಲಿ, ಪಿಸಿಎಂಬಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮನೆಯಲ್ಲಿ ಪಿಯು ಕಾಂಬಿನೇಷನ್ನಿನ ಮಾತೆಲ್ಲ ಬಿಡಿ ಅಕ್ಷರಗಳಲ್ಲೇ ನಡೆಯುತ್ತದೆ. ಪಿಸಿಎಂಬಿ, ಪಿಸಿಎಂಸಿ, ಸಿಇಬಿಎ, ಎಚ್‌ಇಪಿಎಸ್. ಇವೆಲ್ಲ ಹೊಸ ಚೀಟಿ ಕಂಪನಿಗಳೆಂದುಕೊಂಡ ನಮ್ಮಜ್ಜಿ, "ಯಾವುದಕ್ಕೂ ದುಡ್ಡು ಹಾಕಬೇಡಿ" ಎಂದರು. ಫೀಸಿನ ಪಟ್ಟಿ ನೋಡಿದ ಮೇಲೆ ಅಜ್ಜಿ ಹೇಳಿದ್ದು ಪೂರ್ತಿ ತಪ್ಪಲ್ಲ ಅನ್ನಿಸಿತು.

ಅಕ್ಕನ ಮಗಳನ್ನು "ಮುಂದೆ ಏನಾಗ್ತೀಯಮ್ಮ?" ಎಂದು ಕೇಳಿದರೆ ಅವಳು "ಗೊತ್ತಿಲ್ಲ" ಎಂದಳು. ಹದಿನಾರರ ವಯಸ್ಸಿಗೆ ಇಷ್ಟು ಪ್ರಾಮಾಣಿಕ ಉತ್ತರ ಇನ್ನೊಂದಿಲ್ಲ. ನಮ್ಮ ಬಂಧುಬಳಗ ಮಾತ್ರ ಅದನ್ನು ಖಾಲಿ ಹುದ್ದೆಯ ಪ್ರಕಟಣೆ ಎಂದು ಓದಿಕೊಂಡಿತು. ಸಂಜೆಯೊಳಗೆ ಎಲ್ಲರ ಸಲಹೆಗಳೂ ಬಂದಿದ್ದವು.

ಚಿಕ್ಕಪ್ಪನದು ಒಂದೇ ಪಟ್ಟು: "ಯಾವುದಕ್ಕೂ ಇರಲಿ, ಪಿಸಿಎಂಬಿ ತಗೊ." ನೀಟ್ ಬರೆಯಲು ಜೀವಶಾಸ್ತ್ರ ಬೇಕು, ಎಂಜಿನಿಯರಿಂಗಿಗೆ ಗಣಿತ ಬೇಕು, ಎರಡೂ ಇದ್ದರೆ ಕೃಷಿ, ಪಶುವೈದ್ಯಕೀಯವೂ ಸಿಇಟಿಯಲ್ಲಿ ಸಿಕ್ಕೀತು. ಏನೂ ಆಗದಿದ್ದರೆ ಬಿಕಾಂ, ಐದು ವರ್ಷದ ಲಾ ಇದ್ದೇ ಇವೆ. ಎಚ್‌ಇಪಿಎಸ್ ಓದಿ ಎಂಬಿಬಿಎಸ್ ಕಡೆ ತಿರುಗಲಾಗದು. ವಾದದಲ್ಲಿ ಲೋಪ ಹುಡುಕುವುದು ಕಷ್ಟ. ಆದರೆ ಆ 'ಯಾವುದಕ್ಕೂ' ಎಂಬುದರ ಬಾಡಿಗೆ ಕಟ್ಟುವವಳು ಹುಡುಗಿ. ಎರಡು ಭಾಷೆ, ನಾಲ್ಕು ವಿಜ್ಞಾನ, 600 ಅಂಕ, ಜೊತೆಗೆ ಲ್ಯಾಬ್ ರೆಕಾರ್ಡು, ಟ್ಯೂಷನ್ನು. ಅಂದಹಾಗೆ, ಯಾವುದಕ್ಕೂ ಇರಲಿ ಎಂದು ಪಿಸಿಎಂಬಿ ಓದಿದ ಚಿಕ್ಕಪ್ಪ ಈಗ ಟೈಲ್ಸ್ ಅಂಗಡಿ ಇಟ್ಟಿದ್ದಾರೆ. ಕಪ್ಪೆಯ ಹೃದಯಕ್ಕೆ ಮೂರು ಕೋಣೆ ಎಂಬುದು ಅವರಿಗೆ ಇನ್ನೂ ನೆನಪಿದೆ. ಗಿರಾಕಿಗಳು ಮಾತ್ರ ಕೇಳುವುದಿಲ್ಲ.

ನನ್ನ ಪ್ರಕಾರ ಈ ಗದ್ದಲವನ್ನೆಲ್ಲ ಸೋಸಿದರೆ ಉಳಿಯುವುದು ಎರಡೇ ಪ್ರಶ್ನೆ. ಗಣಿತದ ಜೊತೆ ಇನ್ನೆರಡು ವರ್ಷ ಬಾಳಬಲ್ಲೆಯಾ? ಜೀವಶಾಸ್ತ್ರ ಓದುವಾಗ ಎಚ್ಚರವಿರುತ್ತೀಯಾ? ಉಳಿದ ಬಾಗಿಲುಗಳು ಹೇಗೂ ತೆರೆದಿರುತ್ತವೆ: ಸಿಎ ಆಗುವವರು ಕಾಮರ್ಸನ್ನೇ ಓದಿರಬೇಕೆಂದಿಲ್ಲ. ಐಎಎಸ್ ಪರೀಕ್ಷೆಗೆ ಯಾವ ಪದವಿಯಾದರೂ ನಡೆಯುತ್ತದೆ. ಎರಡನ್ನೂ ಅವಳಿಗೇ ಕೇಳಿದೆ. ಗಣಿತ ಪರವಾಗಿಲ್ಲ ಎಂದಳು. ಜೀವಶಾಸ್ತ್ರದ ಹೆಸರೆತ್ತಿದ್ದಕ್ಕೇ ಆಕಳಿಸಿದಳು.

ಇಲಾಖೆಯ ಪಟ್ಟಿಯಲ್ಲಿ ಡಜನ್‌ಗಟ್ಟಲೆ ಕಾಂಬಿನೇಷನ್ ಇದ್ದರೂ ಕೊನೆಗೆ ನಡೆಯುವುದು ಹತ್ತಿರದ ಕಾಲೇಜಿನಲ್ಲಿ ಏನಿದೆಯೋ ಅದೇ. ಪುಣ್ಯಕ್ಕೆ ಅಲ್ಲಿ ಪಿಸಿಎಂಎಸ್ ಇತ್ತು. ಕ್ರಿಕೆಟಿಗರ ಸರಾಸರಿಯನ್ನು ನಿದ್ದೆಯಲ್ಲೂ ಒಪ್ಪಿಸುವ ಹುಡುಗಿಗೆ ಸಂಖ್ಯಾಶಾಸ್ತ್ರ ಸಿಕ್ಕಿತು. ಎಂಜಿನಿಯರಿಂಗ್ ಕೈಯಲ್ಲೇ ಉಳಿಯಿತು, ಡಾಕ್ಟರಿಕೆ ಕೈಬಿಟ್ಟಿತು. ತನ್ನ ಮಂಡಿನೋವಿಗೆ ಇನ್ನು ಯಾರು ಗತಿ ಎಂದು ಅಜ್ಜಿ ಒಂದು ದಿನ ಮುನಿಸಿಕೊಂಡಿದ್ದರು.

ಅಡ್ಮಿಷನ್ ಮುಗಿದಿದೆ. ಬಂಧುಗಳಲ್ಲಿ ವಿನಂತಿ: ಬನ್ನಿ, ಪೇಡ ತಿನ್ನಿ, ಕಾಫಿ ಕುಡಿಯಿರಿ. ಡಿಗ್ರಿ ಯಾವುದೆಂದು ದ್ವಿತೀಯ ಪಿಯು ಫಲಿತಾಂಶ ಬಂದ ಮೇಲೆ ಕೇಳಿ.