ಮೇಷ್ಟ್ರ ಟೆರಾಬೈಟ್ ಟಾಕೀಸು

ತೀರ್ಥಹಳ್ಳಿ ಕಡೆಯ ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಜಾಗವೆಂದರೆ ಉರಿಯುವ ಒಲೆಯೊಂದೇ. ಚರ್ಮದ ಚಪ್ಪಲಿ, ಪೆಟ್ಟಿಗೆಯ ರೇಷ್ಮೆ ಸೀರೆ, ಗೋಡೆಯ ಮೇಲಿನ ಅಜ್ಜನ ಫೋಟೊ, ಯಾವುದಕ್ಕೂ ವಿನಾಯಿತಿಯಿಲ್ಲ. ಇದೆಲ್ಲ ಗೊತ್ತಿದ್ದೂ ನಿವೃತ್ತ ಗಣಿತ ಮೇಷ್ಟ್ರು ಆಷಾಢದ ಒಂದು ಮಧ್ಯಾಹ್ನ ಟ್ರಂಕಿನ ಮುಚ್ಚಳ ತೆಗೆದು, ‘ಕಸ್ತೂರಿ ನಿವಾಸ’ದ ಡಿಸ್ಕಿನ ಮೇಲೆ ಬಿಳಿ ಬೂಷ್ಟಿನ ರಂಗೋಲಿ ಕಂಡಾಗ ಕೂತಲ್ಲೇ ಬೆವತರು. “ಪ್ಲಾಸ್ಟಿಕ್ಕನ್ನೂ ಬಿಡ್ಲಿಲ್ವಲ್ಲೇ ಇದು!” ಎಂದು ಹೆಂಡತಿಯನ್ನು ಕೂಗಿದರು.

“ಉಪ್ಪಿನಕಾಯಿ ಭರಣಿಗೆ ಬಂದಾಗ ಇಷ್ಟು ಜೋರಾಗಿ ಕೂಗಿರ್ಲಿಲ್ಲ ನೀವು” ಎಂಬ ಉತ್ತರ ಅಡುಗೆಮನೆಯಿಂದ ಬಂತು.

ಮೇಷ್ಟ್ರ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಮಧ್ಯ ಅಮೆರಿಕದ ಬೆಲೀಜ್ ದೇಶದಲ್ಲಿ ಕೆಟ್ಟುಹೋದ ಸಿ.ಡಿ.ಯೊಂದನ್ನು ಸ್ಪೇನಿನ ವಿಜ್ಞಾನಿಗಳು ಸೂಕ್ಷ್ಮದರ್ಶಕದಡಿ ಇಟ್ಟಾಗ, ಶಿಲೀಂಧ್ರವೊಂದು ಅದರ ಪ್ಲಾಸ್ಟಿಕ್ಕನ್ನೂ ಅಲ್ಯೂಮಿನಿಯಂ ಪದರವನ್ನೂ ಮೇದಿದ್ದು ಕಂಡಿತ್ತು. ಅದು 2001ರ ಸುದ್ದಿ. ಬೆಲೀಜಿನ ತೇವಕ್ಕೂ ಆಗುಂಬೆಯ ತೇವಕ್ಕೂ ದಾಯಾದಿ ಸಂಬಂಧವಿರಬೇಕು.

ಟ್ರಂಕಿನಲ್ಲಿದ್ದವು 190 ಡಿಸ್ಕುಗಳು. ಅರ್ಧದಷ್ಟು ವಿ.ಸಿ.ಡಿ., ಉಳಿದದ್ದು ಡಿ.ವಿ.ಡಿ. ಒಂದು ವಿ.ಸಿ.ಡಿ.ಯ ಹೊಟ್ಟೆಗೆ ಹಿಡಿಸುವುದು ಸುಮಾರು 74ರಿಂದ 80 ನಿಮಿಷದ ಚಿತ್ರ. ಎರಡೂವರೆ ಗಂಟೆಯ ಕನ್ನಡ ಸಿನಿಮಾಗೆ ಎರಡು ಡಿಸ್ಕಾದರೂ ಬೇಕು. 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ ವಿ.ಸಿ.ಡಿ.ಗೆ 28 ರೂಪಾಯಿ, ಡಿ.ವಿ.ಡಿ.ಗೆ 34 ರೂಪಾಯಿ ಎಂದು ದರ ಇಳಿಸಿದ ಮೇಲೆ ಮೇಷ್ಟ್ರು ಸಂಬಳವಾದ ಮರುದಿನ ಶಿವಮೊಗ್ಗದ ಬಸ್ಸು ಹತ್ತುವುದನ್ನು ವ್ರತದಂತೆ ಪಾಲಿಸಿದ್ದರು. ತರಕಾರಿ ಚೀಲದ ತಳದಲ್ಲಿ ಸಿನಿಮಾ, ಮೇಲೆ ಬೀನ್ಸು. ಹೆಂಡತಿಗೆ ಇದು ಗೊತ್ತಿತ್ತು. ಅವರಿಗೆ ಗೊತ್ತಿದೆ ಎಂಬುದು ಮೇಷ್ಟ್ರಿಗೂ ಗೊತ್ತಿತ್ತು.

ಬೆಂಗಳೂರಿನ ತಮ್ಮನ ಮಗ ಹಬ್ಬಕ್ಕೆ ಬಂದವನು ಪರಿಹಾರ ಹೇಳಿದ: “ದೊಡ್ಡಪ್ಪ, ಎಲ್ಲಾನೂ ಹಾರ್ಡ್‌ಡಿಸ್ಕಿಗೆ ಹಾಕ್ಬಿಡಿ.” ಮುಂದಿನ ಸಲ ಎಸ್.ಪಿ. ರೋಡಿನಿಂದ ಒಂದು ಟೆರಾಬೈಟಿನ ಡಬ್ಬಿಯನ್ನೂ ತಂದುಕೊಟ್ಟ. ಮೇಷ್ಟ್ರು ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ಒಂದು ಪದರದ ಡಿ.ವಿ.ಡಿ. 4.7 ಜಿ.ಬಿ., ಎರಡು ಪದರದ್ದು 8.5. ಸಾವಿರ ಜಿ.ಬಿ.ಯಲ್ಲಿ ಮೊದಲನೆಯದಾದರೆ 212, ಎರಡನೆಯದಾದರೆ 117. ಧಾರಾಳವಾಯಿತು ಎಂದು ಡಬ್ಬಿಯನ್ನು ಕಂಪ್ಯೂಟರಿಗೆ ಚುಚ್ಚಿದರೆ ಪರದೆ ತೋರಿಸಿದ್ದು 931 ಜಿ.ಬಿ.!

ಇನ್ನುಳಿದ 69 ಜಿ.ಬಿ.ಯನ್ನು ನುಂಗಿದವರು ಯಾರು? ಅಂಗಡಿಯವನ ಮೇಲೆ ಗುಮಾನಿಪಟ್ಟು ಅರ್ಧ ದಿನ ಕಳೆದ ಮೇಲೆ ವಿಷಯ ತಿಳಿಯಿತು. ತಯಾರಕರು ಸಾವಿರ ಸಾವಿರವಾಗಿ ಎಣಿಸುತ್ತಾರೆ, ವಿಂಡೋಸ್ 1024ರಂತೆ ಎಣಿಸುತ್ತದೆ. ಅಂಗಡಿಯ ಸೇರು ಬೇರೆ, ಮನೆಯ ಸೇರು ಬೇರೆ. ಮೂವತ್ತು ವರ್ಷ ಗಣಿತ ಹೇಳಿದವರು ಇದನ್ನು ಯಾರಿಗೂ ಹೇಳಲಿಲ್ಲ.

ಡಿ.ವಿ.ಡಿ.ಯ ಒಳಗನ್ನು ಮೇಷ್ಟ್ರು ಮೊದಲ ಸಲ ಕಂಡದ್ದು ಆಗಲೇ. ಎರಡು ಕೋಣೆಯ ಮನೆ. ‘ಆಡಿಯೊ ಟಿ.ಎಸ್.’ ಎಂಬ ಕೋಣೆ ಸಿನಿಮಾ ಡಿಸ್ಕಿನಲ್ಲಿ ಸಾಮಾನ್ಯವಾಗಿ ಖಾಲಿ, ನೆಂಟರಿಗೆಂದು ಕಟ್ಟಿಸಿ ಯಾರೂ ಬಾರದ ಹಾಗೆ. ‘ವಿಡಿಯೊ ಟಿ.ಎಸ್.’ ಕೋಣೆಯಲ್ಲಿ ಇಡೀ ಸಂಸಾರ. ಚಿತ್ರವನ್ನು ಒಂದೊಂದು ಜಿ.ಬಿ. ಮೀರದಂತೆ ತುಂಡು ಮಾಡಿಟ್ಟ ವಿ.ಒ.ಬಿ. ಕಡತಗಳು, ಯಾವುದಾದ ಮೇಲೆ ಯಾವುದು ಎಂದು ಹೇಳುವ ಐ.ಎಫ್.ಒ. ಕಡತಗಳು, ಅವು ಕೆಟ್ಟರೆ ಇರಲಿ ಎಂದು ಬಿ.ಯು.ಪಿ. ಹೆಸರಿನ ಪಡಿಯಚ್ಚುಗಳು.

ಸರಿ, ಕೋಣೆಯನ್ನೇ ಎತ್ತಿ ಹಾರ್ಡ್‌ಡಿಸ್ಕಿಗೆ ಸುರಿದರಾಯಿತಲ್ಲ? ಬೀಗವಿಲ್ಲದ ಡಿಸ್ಕಿಗೆ ಅಷ್ಟೇ ಸಾಕು. ಬೀಗವಿದ್ದದ್ದನ್ನು ಹಾಗೆ ಸುರಿದರೆ ನಾಯಕನ ಮುಖದ ಜಾಗದಲ್ಲಿ ಹಸಿರು, ಗುಲಾಬಿ ಚೌಕಗಳು ಕುಣಿಯುತ್ತವೆ. ಆ ಬೀಗದ ಹೆಸರು ಸಿ.ಎಸ್.ಎಸ್. 1999ರಲ್ಲಿ ನಾರ್ವೆಯ ಹದಿಹರೆಯದ ಹುಡುಗ ಯೋನ್ ಯೋಹಾನ್ಸನ್ ಅದನ್ನು ಬಿಡಿಸುವ ಪುಟ್ಟ ತಂತ್ರಾಂಶವನ್ನು ಜಗತ್ತಿನ ಮುಂದಿಟ್ಟ. ಕೇಸು ಬಿತ್ತು. 2003ರಲ್ಲಿ ಎರಡೆರಡು ನ್ಯಾಯಾಲಯಗಳು ಅವನನ್ನು ಬಿಟ್ಟುಕಳಿಸಿದವು. ಅಮೆರಿಕದಲ್ಲಿ ಕೆಲೈಡೆಸ್ಕೇಪ್ ಎಂಬ ಕಂಪನಿ ಡಿ.ವಿ.ಡಿ.ಗಳನ್ನು ಹಾರ್ಡ್‌ಡಿಸ್ಕಿಗಿಳಿಸಿ ಮನೆತುಂಬ ತೋರಿಸುವ ದುಬಾರಿ ಯಂತ್ರ ಮಾಡಿತು. ಅದರ ಮೇಲೆ 2004ರಲ್ಲಿ ಹೂಡಿದ ದಾವೆ ರಾಜಿಯಾದದ್ದು 2014ರಲ್ಲಿ. ಹತ್ತು ವರ್ಷ! ಗದ್ದೆಯ ಬದುವಿನ ವ್ಯಾಜ್ಯ ನಮ್ಮಲ್ಲಷ್ಟೇ ಇಲ್ಲವೆಂದು ಮೇಷ್ಟ್ರಿಗೆ ಸಮಾಧಾನವಾಯಿತು.

ನಮ್ಮ ದೇಶದ ಹಕ್ಕುಸ್ವಾಮ್ಯ ಕಾಯಿದೆಗೂ 2012ರಲ್ಲಿ 65ಎ ಎಂಬ ಕಲಮು ಸೇರಿದೆ. ಹಕ್ಕು ಕಸಿಯುವ ಉದ್ದೇಶದಿಂದ ಇಂಥ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ‘ಉದ್ದೇಶ’ ಎಂಬ ಪದಕ್ಕೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದರು. ತಮ್ಮ ಉದ್ದೇಶ ನಿರ್ಮಲವಾಗಿದೆ ಎಂದು ಸಾಬೀತುಪಡಿಸಲು, ಪೆನ್‌ಡ್ರೈವ್ ಹಿಡಿದು ಬರುವ ನೆರೆಯವರಿಗೆ ಅಂದಿನಿಂದ ಕಾಫಿ ಮಾತ್ರ ಕೊಡುತ್ತಿದ್ದಾರೆ.

ಮತ್ತೊಂದು ತೊಡಕು ಅಳಿಯನಿಂದ ಬಂತು. ನ್ಯೂಜೆರ್ಸಿಯಿಂದ ಅವನು ಪ್ರೀತಿಯಿಂದ ತಂದ ಇಂಗ್ಲಿಷ್ ಸಿನಿಮಾಗಳು 1ನೇ ವಲಯದವು. ಭಾರತ 5ನೇ ವಲಯ, ಒಂದರ ಡಿಸ್ಕು ಇನ್ನೊಂದರ ಡ್ರೈವಿನಲ್ಲಿ ಓಡದು. ಕಂಪ್ಯೂಟರಿನ ಡ್ರೈವು ವಲಯ ಬದಲಿಸಲು ಕೊಡುವುದು ಐದೇ ಅವಕಾಶ, ಆಮೇಲೆ ಕೊನೆಯದೇ ಕಾಯಂ. ಮೇಷ್ಟ್ರು ಒಂದೇ ವಾರದಲ್ಲಿ ಅಮೆರಿಕಕ್ಕೆ ಎರಡು ಸಲ ಹೋಗಿ ಬಂದು ನಾಲ್ಕು ಅವಕಾಶ ಕಳೆದರು. ಐದನೆಯದನ್ನು ಆಪದ್ಧನದಂತೆ ಕಾಪಾಡಿಕೊಂಡಿದ್ದಾರೆ.

ನೋಡುವ ಕೆಲಸ ಮಾತ್ರ ಸಲೀಸಾಯಿತು. ಪ್ಯಾರಿಸಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು 1996ರಲ್ಲಿ ಕಾಲೇಜಿನ ಕೆಲಸವಾಗಿ ಶುರುಮಾಡಿದ ವಿ.ಎಲ್.ಸಿ. ಪ್ಲೇಯರ್, ರಸ್ತೆ ಕಾಮಗಾರಿಯ ಕಿತ್ತಳೆ ಶಂಕುವನ್ನೇ ಲಾಂಛನ ಮಾಡಿಕೊಂಡ ತಂತ್ರಾಂಶ, ಏನು ಕೊಟ್ಟರೂ ಜೀರ್ಣಿಸಿಕೊಳ್ಳುತ್ತದೆ. ಇಡೀ ಡಿಸ್ಕನ್ನು ಒಂದೇ ಐ.ಎಸ್.ಒ. ಕಡತವಾಗಿ ಕಟ್ಟಿಟ್ಟರೆ ಮೆನು ಸಮೇತ ತೆರೆದುಕೊಳ್ಳುತ್ತದೆ. ಮೆನು ಬೇಡ, ಸಿನಿಮಾವಷ್ಟೇ ಸಾಕೆಂದರೆ ಎಂ.ಕೆ.ವಿ. ಇದೆ. ರಷ್ಯಾದ ಗೊಂಬೆಯೊಳಗಿನ ಗೊಂಬೆಯಿಂದ ಹೆಸರು ಪಡೆದ ಆ ಡಬ್ಬಿಯೊಳಗೆ ಚಿತ್ರ, ಧ್ವನಿ, ಉಪಶೀರ್ಷಿಕೆ ಒಟ್ಟಿಗೆ ಕೂರುತ್ತವೆ. ಇನ್ನೂ ಸಣ್ಣದು ಮಾಡಲು ಹ್ಯಾಂಡ್‌ಬ್ರೇಕ್ ಉಂಟು. ಅದು ಹಿಂಡುವಾಗ ಲ್ಯಾಪ್‌ಟಾಪ್ ಎಷ್ಟು ಬಿಸಿಯಾಯಿತೆಂದರೆ, ಆ ಮಳೆಗಾಲದಲ್ಲಿ ಮನೆಯವರ ಕಾಲುಚೀಲಗಳು ಒಣಗಿದ್ದು ಅದರ ಪಕ್ಕದಲ್ಲೇ.

ಟಿ.ವಿ.ಯದು ಬೇರೆಯೇ ಹಟ. ಮೇಷ್ಟ್ರ ಟಿ.ವಿ.ಗೆ ಐ.ಎಸ್.ಒ. ಕಡತ ಕಣ್ಣಿಗೇ ಬೀಳಲಿಲ್ಲ. ಪೆನ್‌ಡ್ರೈವಿನಲ್ಲಿ 10 ಜಿ.ಬಿ. ಖಾಲಿಯಿದ್ದರೂ 4.7 ಜಿ.ಬಿ.ಯ ಕಡತ ಒಳಗೆ ಹೋಗಲಿಲ್ಲ. ಫ್ಯಾಟ್ 32 ಎಂಬ ಹಳೆಯ ಜೋಡಣೆಯಲ್ಲಿ ಒಂದೊಂದು ಕಡತಕ್ಕೆ 4 ಜಿ.ಬಿ.ಯೇ ಗಡಿ. ಮನೆ ದೊಡ್ಡದು, ಬಾಗಿಲು ಗಿಡ್ಡ.

ಎಲ್ಲ ತುಂಬಿ ಮುಗಿದ ಮೇಲೆ ಎರಡನೇ ಹಾರ್ಡ್‌ಡಿಸ್ಕಿನ ಮಾತು ಬಂತು. “ಒಂದು ಇದೆಯಲ್ಲ, ಇನ್ನೊಂದ್ಯಾಕೆ?” ಎಂದು ಹೆಂಡತಿ ಕೇಳಿದರು. ಮೇಷ್ಟ್ರು ಇತಿಹಾಸಕ್ಕೆ ಕೈಹಾಕಿದರು: ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಗೆ ಬಂತು, ಇವತ್ತು ಅದರ ಪ್ರಿಂಟು ಉಳಿದಿಲ್ಲ. ವಾದ ಗೆದ್ದಿತು. ಹದಿನೈದು ದಿನದಲ್ಲಿ ಮೊದಲ ಡಬ್ಬಿ ಮೇಜಿನಿಂದ ಬಿದ್ದು ಹಲ್ಲಿ ಲೊಚಗುಟ್ಟಿದಂತೆ ಸದ್ದು ಮಾಡತೊಡಗಿದಾಗ ಮೇಷ್ಟ್ರು ಗೆದ್ದ ಮುಖದಲ್ಲೇ ಅಳುವ ಹಾಗಾದರು.

ಮೂಲ ಡಿಸ್ಕುಗಳನ್ನು ಮನೆಯಾಕೆ ಎಸೆದಿರಲಿಲ್ಲ. ಬೂಷ್ಟು ಒರೆಸಿ, ಅಕ್ಕಿ ಡಬ್ಬದಂತೆ ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟಿದ್ದರು. ಪೂರ್ತಿ ಹಾಳಾದ ಏಳು ಮಾತ್ರ ಹಕ್ಕಿ ಬೆದರಿಸಲು ಹಿತ್ತಲಿನ ಮೆಣಸಿನ ಗಿಡಗಳ ನಡುವೆ ನೇತಾಡುತ್ತಿವೆ.

ಆದರೆ ಅವರಿಗೂ ಒಂದು ತಕರಾರಿತ್ತು. ಹಿಂದೆ ವಿ.ಸಿ.ಡಿ. ನೋಡುವಾಗ ಮೊದಲ ಡಿಸ್ಕು ಮುಗಿದೊಡನೆ ಮೇಷ್ಟ್ರು ಏಳುತ್ತಿದ್ದರು, ಅವರೂ ಏಳುತ್ತಿದ್ದರು. ಈಗ ಕಂಪ್ಯೂಟರು ಉಸಿರು ಬಿಡದೆ ಎರಡನೆಯದಕ್ಕೆ ಹಾರುತ್ತದೆ. “ಹೀಗೆ ಒಂದೇ ಸಮ ಓಡಿದ್ರೆ ನಾನು ಕಾಫಿ ಯಾವಾಗ ಇಡ್ಲಿ?” ಎಂದು ಒಂದು ಸಂಜೆ ಕೇಳಿಯೇಬಿಟ್ಟರು.

ಎರಡು ತುಂಡನ್ನು ಒಂದಾಗಿ ಹೊಲಿಯುವ ತಂತ್ರಾಂಶ ಬಿಟ್ಟಿಯಾಗಿ ಸಿಗುತ್ತದೆ. ಮೇಷ್ಟ್ರು ಅದನ್ನು ಇಳಿಸಿಕೊಳ್ಳಲಿಲ್ಲ. ಎಲ್ಲ ಎರಡನೇ ಭಾಗಗಳನ್ನೂ ಬೇರೊಂದು ಫೋಲ್ಡರಿಗೆ ಸಾಗಿಸಿ ‘ವಿರಾಮದ ನಂತರ’ ಎಂದು ಹೆಸರಿಟ್ಟರು. ಈಗ ಮೊದಲ ಭಾಗ ಮುಗಿದಾಗ ಪರದೆ ಕಪ್ಪಾಗುತ್ತದೆ, ಅಡುಗೆಮನೆಯಲ್ಲಿ ದೀಪ ಹತ್ತುತ್ತದೆ.