ವಿಟೆಕ್ ರಾಯರ ತಾರ ಷಡ್ಜ

ಬಸವನಗುಡಿಯ ಯಾವ ಅಡ್ಡರಸ್ತೆಗೆ ಹೋದರೂ ಒಂದು ಹಳೆಯ ಮನೆ, ಅದರ ಕಾಂಪೌಂಡಿನಲ್ಲಿ ಕವರು ಹೊದ್ದ ಒಂದು ಕಾರು, ಕಾರಿನ ಪಕ್ಕ ಬನಿಯನ್ನಿನಲ್ಲಿ ನಿಂತ ಒಬ್ಬ ಯಜಮಾನರು ಕಾಣಸಿಗುತ್ತಾರೆ. ನಮ್ಮ ರಸ್ತೆಯ ಯಜಮಾನರಿಗೆ ನಾವಿಟ್ಟ ಹೆಸರು ವಿಟೆಕ್ ರಾಯರು. ಬ್ಯಾಂಕಿನಿಂದ ನಿವೃತ್ತರು. ಸಂಗೀತಕ್ಕೆ ಒಳ್ಳೆಯ ಕಿವಿ, ಕಾರಿನ ವಿಷಯಕ್ಕೆ ಒಳ್ಳೆಯ ಬಾಯಿ. ಕವರಿನ ಕೆಳಗಿರುವುದು 2002ರ ಹೋಂಡಾ ಸಿಟಿ, 1.5 ವಿಟೆಕ್. ಯಾರಾದರೂ "ಸಿಟಿನಾ ಸರ್?" ಅಂದರೆ ಮುಖ ಗಂಟಿಕ್ಕುತ್ತಾರೆ. "ಸಿಟಿ ಊರಿಗೆಲ್ಲಾ ಇದೆ ಕಣ್ರೀ. ಇದು ವಿಟೆಕ್ಕು."

ವಿಟೆಕ್ ಎಂದರೇನು ಎಂದು ಅಪ್ಪಿತಪ್ಪಿ ಕೇಳಿದವರು ಆ ದಿನದ ಬೇರೆ ಕೆಲಸಗಳನ್ನು ಮರೆಯಬೇಕು. ಕವಾಟಗಳನ್ನು ತೆರೆಯುವ ಕ್ಯಾಮ್‌ನಲ್ಲಿ ಎರಡು ಅಳತೆಯ ಉಬ್ಬುಗಳಿರುತ್ತವೆ. ಎಂಜಿನ್ ನಿಧಾನವಾಗಿ ತಿರುಗುವಾಗ ಸಣ್ಣ ಉಬ್ಬಿನ ಆಳ್ವಿಕೆ. ಜೋರಾಗಿ ತಿರುಗತೊಡಗಿದರೆ ಎಣ್ಣೆಯ ಒತ್ತಡಕ್ಕೆ ಒಂದು ಪಿನ್ನು ಸರಿದು ಕೂಡಿಕೊಳ್ಳುತ್ತದೆ, ಅಧಿಕಾರ ದೊಡ್ಡ ಉಬ್ಬಿಗೆ ಹೋಗುತ್ತದೆ. ಕವಾಟ ಹೆಚ್ಚು ತೆರೆಯುತ್ತದೆ, ಹೆಚ್ಚು ಹೊತ್ತು ತೆರೆದಿರುತ್ತದೆ, ಎಂಜಿನ್ ಹೆಚ್ಚು ಉಸಿರೆಳೆಯುತ್ತದೆ. 1989ರಲ್ಲಿ ಜಪಾನಿನ ಇಂಟೆಗ್ರಾ ಕಾರಿನಲ್ಲಿ ಬಂದದ್ದು, 2000ದಲ್ಲಿ ನಮ್ಮ ಸಿಟಿಗೆ ಬಂತು. 106 ಕುದುರೆ, ಅದೂ 6,800 ಆರ್‌ಪಿಎಂನಲ್ಲಿ. 2003ರಲ್ಲಿ ಬಂದ ಹೊಸ ಸಿಟಿಗೆ ಸಿಲಿಂಡರಿಗೆರಡು ಪ್ಲಗ್ಗು, 77 ಕುದುರೆ. ಮಿಕ್ಕ 29 ಕುದುರೆಗಳು ಎಲ್ಲಿ ಹೋದವೆಂದು ರಾಯರು ಇಂದಿಗೂ ಕೇಳುತ್ತಾರೆ. ಅವರ ಪಾಲಿಗೆ ಮೋಟಾರು ಚರಿತ್ರೆ ಅಲ್ಲಿಗೆ ಮುಗಿದಿದೆ.

ಪ್ರತಿ ಬೇಸಿಗೆಯಲ್ಲೂ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳಿಗೆ ತಪ್ಪದೆ ಹೋಗುವ ರಾಯರು ಎಂಜಿನ್ನನ್ನೂ ಅಲ್ಲಿಯ ರಸಿಕರಂತೆಯೇ ಕೇಳುತ್ತಾರೆ. ಲೆಕ್ಕವೂ ಸಿದ್ಧವಿದೆ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಸಿಡಿಯುತ್ತದೆ. 3,400 ಸುತ್ತಿನಲ್ಲಿ ಸೆಕೆಂಡಿಗೆ 113 ಸಿಡಿತ, 6,800ರಲ್ಲಿ 226. "ಸರಿಯಾಗಿ ಎರಡರಷ್ಟು! ಅಂದ್ರೆ ಏನಾಯ್ತು? 3,400 ಮಧ್ಯ ಷಡ್ಜ ಆದ್ರೆ 6,800 ತಾರ ಷಡ್ಜ. ಜಪಾನಿನವರು ಶ್ರುತಿ ಸೇರಿಸಿ ಕಳಿಸಿದ್ದಾರೆ ಸ್ವಾಮಿ!" ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಈ ಗಣಿತ ಪ್ರಪಂಚದ ಎಲ್ಲ ನಾಲ್ಕು ಸಿಲಿಂಡರಿನ ಕಾರಿಗೂ ಅನ್ವಯಿಸುತ್ತದೆ ಎಂದು ಹೇಳುವ ಧೈರ್ಯ ನಮ್ಮ ರಸ್ತೆಯಲ್ಲಿ ಯಾರಿಗೂ ಇಲ್ಲ.

ಧೈರ್ಯವಿರುವವರು ಒಬ್ಬರೇ: ಮಲ್ಲೇಶ್ವರದ ಷಡ್ಡಕರು. ಅವರದು ಫೋರ್ಡ್ ಐಕಾನ್ 1.6, ಜಾಹೀರಾತಿನ ಭಾಷೆಯಲ್ಲಿ 'ಜೋಶ್ ಮಷೀನ್'. ಕುದುರೆಗಳು ತೊಂಬತ್ತು ಚಿಲ್ಲರೆ. ಆದರೆ ಅದರ ಎಳೆತವೆಲ್ಲ 2,500 ಸುತ್ತಿನ ಆಸುಪಾಸಿನಲ್ಲೇ ಸಿಕ್ಕಿಬಿಡುತ್ತದೆ. "ನಿಮ್ಮದು ತಾರಸ್ಥಾಯಿಗೆ ಹೋಗೋ ತನಕ ಕಾಯ್ಬೇಕು. ನನ್ನದು ಆಲಾಪನೆಯಲ್ಲೇ ಕಚೇರಿ ಗೆಲ್ಲುತ್ತೆ" ಎಂದು ಷಡ್ಡಕರ ವಾದ. ಅಕ್ಕತಂಗಿಯರನ್ನು ಮದುವೆಯಾದ ಇವರಿಬ್ಬರೂ ವಿದ್ಯಾರ್ಥಿ ಭವನದ ದೋಸೆಯೋ ಸಿಟಿಆರ್ ದೋಸೆಯೋ ಎಂಬ ವ್ಯಾಜ್ಯವನ್ನು ಎಂದೋ ಕೈಬಿಟ್ಟರು. ಈ ವ್ಯಾಜ್ಯ ಅದಕ್ಕಿಂತ ಹೆಚ್ಚು ರುಚಿಸಿತು.

ರಾಯರ ಅಭಿಪ್ರಾಯಗಳು ಈ ಎರಡು ಕಾರಿಗೇ ನಿಲ್ಲುವುದಿಲ್ಲ. ಹೋಂಡಾ ಎಸ್ 2000 ಎಂಬ ಸ್ಪೋರ್ಟ್ಸ್ ಕಾರು 1999ರಲ್ಲಿ ಬಂತು. ಎರಡು ಲೀಟರಿನ ಎಂಜಿನ್, ಟರ್ಬೊ ಇಲ್ಲ, ಕೆಂಪು ಗೆರೆ ಸುಮಾರು 9,000ಕ್ಕೆ. ಅದನ್ನು ಪೋರ್ಷೆ ಬಾಕ್ಸ್‌ಸ್ಟರ್ ಜೊತೆ ತೂಗಿ ನೋಡಿ ರಾಯರು ತೀರ್ಪು ಕೊಟ್ಟು ವರ್ಷಗಳಾದವು: "ಪೋರ್ಷೆ ಸಭ್ಯ ಗಾಡಿ. ಆದ್ರೆ ನಮ್ಮದರ ದಾಯಾದಿ ಮುಂದೆ ಏನೂ ಇಲ್ಲ." ಎರಡನ್ನೂ ಅವರು ಕಣ್ಣಾರೆ ಕಂಡವರಲ್ಲ. ತೀರ್ಪು ಕೊಡಲು ಅದೊಂದು ಅಡ್ಡಿಯೇ?

ಇಷ್ಟೆಲ್ಲ ಇದ್ದೂ ಕಾರು ಓಡುವುದು ಭಾನುವಾರ ಬೆಳಿಗ್ಗೆ, ಷಡ್ಡಕರ ಮನೆಗೆ. ಗಾಂಧಿ ಬಜಾರಿಗೆ ಬಾಳೆಎಲೆ ತರಲು ರಾಯರು ನಡೆದೇ ಹೋಗುತ್ತಾರೆ, ಏಕೆಂದರೆ ಅಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ. ಭಾನುವಾರದ ಪ್ರಯಾಣವೂ ಅಷ್ಟಕ್ಕಷ್ಟೇ. ರಾಮಕೃಷ್ಣ ಆಶ್ರಮದ ಸರ್ಕಲ್ಲಿನಲ್ಲಿ ಒಂದು ನಿಲುಗಡೆ, ಚಾಮರಾಜಪೇಟೆಯಲ್ಲಿ ಎರಡು ಹಸು, ಸಿರ್ಸಿ ಸರ್ಕಲ್ಲಿನಲ್ಲಿ ಬಿಎಂಟಿಸಿ ಬಸ್ಸಿನ ಹಿಂದೆ ಧ್ಯಾನ, ಸಂಪಿಗೆ ರಸ್ತೆಯಲ್ಲಿ ಮೊದಲ ಗೇರು. ಮುಳ್ಳು 1,700 ದಾಟುವುದಿಲ್ಲ. ರಾಯರ ಶಾಸ್ತ್ರದಲ್ಲೇ ಹೇಳುವುದಾದರೆ ಅದು ಮಂದ್ರ. ಒಮ್ಮೆ ಕಡಲೆಕಾಯಿ ಪರಿಷೆಯ ಸೋಮವಾರ ಬುಲ್ ಟೆಂಪಲ್ ರಸ್ತೆಗೆ ಕಾರು ಇಳಿಸಿ, ಒಬ್ಬ ವ್ಯಾಪಾರಿಯ ರಾಶಿಯ ಪಕ್ಕದಲ್ಲೇ ಸಿಕ್ಕಿಹಾಕಿಕೊಂಡು, ಕಿಟಕಿಯಿಂದ ಕೈ ಚಾಚಿ ಎರಡು ಸೇರು ಕೊಂಡು, ಸುಲಿದು ಮುಗಿಸಿದ ಮೇಲೆ ಮನೆ ಸೇರಿದರು. "ಕ್ಲಚ್ಚು ಏನ್ ಹಗುರ ಅಂತೀರಿ!" ಎಂಬುದು ಆ ದಿನದ ಚಾಲನಾನುಭವ.

ಮನೆಯಾಕೆಗೆ ಒಂದೇ ಸಂಶಯ: "ಏನೂಂದ್ರೆ, ಆ ಆರು ಸಾವಿರದ ಎಂಟುನೂರು ಅಂತೀರಲ್ಲ, ಅದನ್ನ ಯಾವತ್ತಾದ್ರೂ ನೋಡಿದ್ದೀರಾ?"

ಈ ಮಾತು ನಾಟಿತು. ಷಡ್ಡಕರೊಂದಿಗೆ ಕರಾರಾಯಿತು: ಒಂದು ಭಾನುವಾರ ಕಾರು ಅದಲು ಬದಲು. ಹೋಗುವಾಗ ರಾಯರು ಐಕಾನ್ ನಡೆಸಿದರು. ಕನಕಪುರ ರಸ್ತೆಯ ಸಂತೆಯಂಥ ಸಂಚಾರದಲ್ಲೂ ಅದು ಎರಡನೇ ಗೇರಿನಲ್ಲೇ ಗೊಣಗದೆ ಎಳೆಯಿತು. ಗೇರು ಬದಲಿಸುವ ಕೆಲಸವಿಲ್ಲದ ರಾಯರ ಎಡಗೈ ತೊಡೆಯ ಮೇಲೆ ಆದಿತಾಳ ಹಾಕುತ್ತಿತ್ತು. ಮುಖದಲ್ಲಿ ಎಂದೂ ಇಲ್ಲದ ನೆಮ್ಮದಿ. ತೀರ್ಪು ಮಾತ್ರ ಕಟ್ಟುನಿಟ್ಟು: "ಈ ಗಾಡಿ ಮನುಷ್ಯನ್ನ ಸೋಮಾರಿ ಮಾಡುತ್ತೆ."

ನೈಸ್ ರಸ್ತೆಯ ಟೋಲು ದಾಟಿ ಇಬ್ಬರೂ ವಿಟೆಕ್ಕಿಗೆ ಬಂದರು. ಸ್ಟಿಯರಿಂಗ್ ಷಡ್ಡಕರ ಕೈಯಲ್ಲಿ. ಖಾಲಿ ರಸ್ತೆ, ಎರಡನೇ ಗೇರು, ಕಾಲು ಪೂರ್ತಿ ಕೆಳಗೆ. ಮೂರು ಸಾವಿರ, ನಾಲ್ಕು ಸಾವಿರ, ಐದು ಸಾವಿರ. ದೊಡ್ಡ ಉಬ್ಬು ಆಳ್ವಿಕೆಗೆ ಬಂತು, ಎಂಜಿನ್ನಿನ ಕಂಠ ಒಡೆಯಿತು, ಡ್ಯಾಶ್‌ಬೋರ್ಡಿನ ರಾಘವೇಂದ್ರ ಸ್ವಾಮಿಗಳು ನಡುಗಿದರು. ಎರಡು ದಶಕ ಕಾದ ಸ್ವರ ಇನ್ನೇನು ಹುಟ್ಟಬೇಕು, ಅಷ್ಟರಲ್ಲಿ ಪಕ್ಕದ ಸೀಟಿನಿಂದ ರಾಯರ ಕೂಗು ಅದಕ್ಕಿಂತ ಮೇಲಿನ ಶ್ರುತಿಯಲ್ಲಿ ಬಂತು: "ಇಳಿಸ್ರೀ! ಇಳಿಸ್ರೀ! ಪಾರ್ಟ್ಸಿಗೆ ಜೆ.ಸಿ. ರೋಡೆಲ್ಲಾ ಸುತ್ತಬೇಕಾಗುತ್ತೆ!"

ಮುಳ್ಳು 5,900ರಿಂದ ಕೆಳಗಿಳಿಯಿತು.

ಮರುದಿನ ಹೋಟೆಲಿನಲ್ಲಿ ಬೈಟು ಕಾಫಿಯ ಮುಂದೆ ರಾಯರು ವರದಿ ಒಪ್ಪಿಸಿದರು: "ನಿನ್ನೆ ಆರೂವರೆ ಸಾವಿರಕ್ಕೆ ತಗೊಂಡೋದೆ." ತಗೊಂಡು ಹೋದವರು ಎದುರಿಗೇ ಕೂತಿದ್ದರು. ನಾವೆಲ್ಲ ಷಡ್ಡಕರ ಮುಖ ನೋಡಿದೆವು. ಅವರು ನಿಧಾನವಾಗಿ ಒಂದು ಗುಟುಕು ಕುಡಿದು, "ಹೌದು, ನಾನೇ ಸಾಕ್ಷಿ" ಎಂದರು. ಮರುಕ್ಷಣವೇ, ತಮ್ಮ ಐಕಾನ್ ಒಮ್ಮೆ ನಂದಿ ಬೆಟ್ಟವನ್ನು ಬುಡದಿಂದ ತುದಿಯವರೆಗೆ ಮೂರನೇ ಗೇರಿನಲ್ಲೇ ಹತ್ತಿದ ಕತೆ ತೆಗೆದರು. ಇಷ್ಟು ವರ್ಷ ಆ ಕತೆಗೆ ನಗುತ್ತಿದ್ದ ರಾಯರು ಈ ಸಲ ಗಂಭೀರವಾಗಿ, "ನಾನೂ ಹಿಂದಿನ ಸೀಟಿನಲ್ಲಿದ್ದೆ" ಎಂದರು.

ಅಂದಿನಿಂದ ಬಸವನಗುಡಿ ಮತ್ತು ಮಲ್ಲೇಶ್ವರದ ನಡುವೆ ಯುದ್ಧವಿಲ್ಲ. ಕಳೆದ ಭಾನುವಾರ ರಾಯರ ಕಾರು 7,200 ಮುಟ್ಟಿತು. ಷಡ್ಡಕರು ರೆಪ್ಪೆ ಬಡಿಯದೆ ತಲೆಯಾಡಿಸಿ, ನಂದಿ ಬೆಟ್ಟವನ್ನು ನಾಲ್ಕನೇ ಗೇರಿನಲ್ಲಿ ಹತ್ತಿದರು.